ಹರಕೆಯ ಕೂದಲು

ಗಂಜಾಂ, ಶ್ರೀರಂಗಪಟ್ಟಣ
28-10-1994

ಯಶೋದಕ್ಕನವರಿಗೆ ಹೇಮಳ ನಮಸ್ಕಾರಗಳು.

ಕಾಗದ ಹಿಡಿದ ತಕ್ಷಣ ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆದು ರೂಢಿಯಾದ ಕೈ ಇದು. ಇವತ್ತು ಆ ಸಾಲು ಬಿಟ್ಟು ಶುರು ಮಾಡುತ್ತಿದ್ದೇನೆ. ಚಿನ್ನುವನ್ನು ಸೋಮವಾರ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದೇವೆ. ನಿಮ್ಮ ತಮ್ಮ ನಿಮಗೆ ಹೇಳಿಕಳಿಸಿದ್ದಾರಂತೆ. ಅವರು ಹೇಳುವುದು ಅರ್ಧ, ನುಂಗುವುದು ಅರ್ಧ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಭಾನುವಾರ ಸಂಜೆ ನಮ್ಮೂರ ದೇವಯ್ಯ ನಿಮ್ಮ ನಾಗಮಂಗಲದಿಂದ ಅವಳನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟಾಗ ಚೆನ್ನಾಗಿಯೇ ಇದ್ದಳು. ದಸರಾ ರಜದಲ್ಲಿ ನಿಮ್ಮ ಮನೆಯಲ್ಲಿ ತಿಂದ ಕಜ್ಜಾಯ, ನಿಮ್ಮ ಗಬ್ಬದ ಹಸು, ತೋಟದ ಅಳಿಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮಾತಿನ ತಲೆಗೂ ಅತ್ತೆ, ಬಾಲಕ್ಕೂ ಅತ್ತೆ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. “ಅಂಗಾರೆ ಅತ್ತೆ ಮನೇಲೇ ಇದ್ಬುಡು” ಅಂದೆ. “ಇರ್ತಿದ್ದೆ, ಇಸ್ಕೂಲು ಸುರುವಾಯ್ತಲ್ಲವ್ವ” ಅಂದಳು. ಅದೇ ಅವಳು ನನ್ನ ಜೊತೆ ಸರಿಯಾಗಿ ಆಡಿದ ಕೊನೆಯ ಮಾತು. ರಾತ್ರಿ ಊಟ ಬೇಡವೆಂದು ಮಲಗಿದವಳು ಎರಡು ಸಲ ವಾಂತಿ ಮಾಡಿಕೊಂಡಳು. ಬೆಳಿಗ್ಗೆ ಹಾಲಿನ ಲೋಟ ಕೈಗೆ ಕೊಟ್ಟೆ. ಲೋಟ ಬಿತ್ತು, ಅವಳೂ ಬಿದ್ದಳು. ಕಣ್ಣು ಮೇಲಕ್ಕೆ ಹೋಗಿ ಕೈಕಾಲು ಸೆಟೆದುಕೊಂಡು ಅದುರತೊಡಗಿದವು. ಪಾಂಡವಪುರದಲ್ಲಿ ಸೂಜಿ ಹಾಕಿ ಮೈಸೂರಿಗೆ ಓಡಿಸಿ ಅಂದರು. ದಾರಿಯಲ್ಲಿ ಮತ್ತೆ ಬಂತು.

ಈಗ ಐಸಿಯುವಿನಲ್ಲಿದ್ದಾಳೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಳಗೆ ಬಿಡುತ್ತಾರೆ. ಮಿಕ್ಕ ಹೊತ್ತು ಹೊರಗೆ ಬೆಂಚಿನ ಮೇಲೆ. ರಾತ್ರಿ ಇಲ್ಲಿ ನನ್ನ ಚಿಕ್ಕಮ್ಮ ಚಿಕ್ಕಬೋರಮ್ಮನ ಮನೆಗೆ ಬಂದು ಮಲಗುತ್ತೇನೆ. ಬೆನ್ನಿನಿಂದ ನೀರು ತೆಗೆದು ನೋಡಿದರು. ಮೆದುಳು ಜ್ವರ ಇರಬೇಕು, ನಿಮ್ಮ ಕಡೆಯ ಇನ್ನೂ ಮೂರು ಮಕ್ಕಳು ಅದೇ ಕಾಯಿಲೆಯಲ್ಲಿ ಮಲಗಿವೆ ಅಂದರು ಡಾಕ್ಟರು. ಆದರೆ ಜ್ವರವೇ ಇಲ್ಲವಲ್ಲ ಎಂದು ಅವರೇ ತಲೆ ಕೆರೆದುಕೊಂಡರು. ಗದ್ದೆಗೆ ಹೊಡೆಯುವ ಔಷಧಿ ಏನಾದರೂ ಕುಡಿದಿದ್ದಾಳಾ ಎಂದೂ ಕೇಳಿದರು. ನಿಮ್ಮ ತಮ್ಮನಿಗೆ ಎಲ್ಲಿತ್ತೋ ಸಿಟ್ಟು, “ನಮ್ಮನೇಲಿ ಮಗೀಗೆ ವಿಸ ಕೊಡೋರು ಯಾರವ್ರೆ ಸ್ವಾಮಿ?” ಎಂದು ಕೂಗಾಡಿಬಿಟ್ಟರು. ಡಾಕ್ಟರು ಮತ್ತೆ ಕೇಳಲಿಲ್ಲ.

ಇನ್ನೊಂದು ವಿಷಯ. ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಬೇಕು, ಕೂದಲು ತೆಗೆಸಿಬಿಡಿ ಎಂದು ನರ್ಸು ಹೇಳುತ್ತಿದ್ದಾರೆ. ಸೊಂಟದವರೆಗಿನ ಕೂದಲು. ಏಳು ತುಂಬಿದ ಮೇಲೆ ಮೇಲುಕೋಟೆಯಲ್ಲಿ ಮುಡಿ ಕೊಡುತ್ತೇನೆಂದು ಹರಕೆ ಹೊತ್ತವರು ನೀವು. ಏನು ಮಾಡಲಿ, ತಿಳಿಸಿ.

ನೀವು ಸದ್ಯಕ್ಕೆ ಬರಬೇಡಿ. ಇಬ್ಬರಿಗಿಂತ ಹೆಚ್ಚು ಜನರನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಹಸುವೂ ಇವತ್ತೋ ನಾಳೆಯೋ ಅನ್ನುವಂತಿದೆ ಎಂದು ಚಿನ್ನು ಹೇಳಿದಳು.

ಇಂತಿ,
ಹೇಮ


ನಾಗಮಂಗಲ
1-11-1994

ಹೇಮನಿಗೆ ಯಶೋದಮ್ಮನ ಆಶೀರ್ವಾದ.

ನಿನ್ನ ಕಾಗದ ತಲುಪಿತು, ಓದಿದೆ. ಭಾನುವಾರ ಬೆಳಿಗ್ಗೆ ನನ್ನ ತೊಡೆ ಮೇಲೆ ಕೂತು ಹಟ ಮಾಡಿಕೊಂಡು ತಲೆ ಒಪ್ಪಿಸಿದ ಕೂಸು. ಶುಚಿ ಮಾಡಿ, ಎರಡು ಜಡೆ ಹೆಣೆದು, ಕನಕಾಂಬರ ಮುಡಿಸಿ ಕಳಿಸಿದ್ದೆ. ಬಸ್ಸಿನ ಕಿಟಕಿಯಲ್ಲಿ ಕೈ ಆಡಿಸಿದ್ದು ಕಣ್ಣಿಗೆ ಕಟ್ಟಿದೆ. ಯಾವ ಪಾಪಿಯ ಕಣ್ಣು ಬಿತ್ತೋ.

ಕೂದಲಿಗೆ ಮಾತ್ರ ಕತ್ತರಿ ಮುಟ್ಟಿಸಬೇಡ. ನಿನಗೆ ಎರಡು ಬಸುರು ನಿಲ್ಲದೆ ಹೋದಾಗ ಒದ್ದೆ ಸೀರೆಯಲ್ಲಿ ಆ ಬೆಟ್ಟ ಹತ್ತಿದವಳು ನಾನು. ‘ಏಳು ವರ್ಷ ಕತ್ತರಿ ತಾಗಿಸಲ್ಲ, ಮುಡಿ ನಿನ್ನದು, ಮಗು ನಮ್ಮದು’ ಎಂದು ಚಲುವರಾಯನ ಮುಂದೆ ಮಾತು ಕೊಟ್ಟಿದ್ದೇನೆ. ಇನ್ನು ಐದು ತಿಂಗಳಿದೆ. ಈ ಹೊತ್ತಿನಲ್ಲಿ ಮಾತು ತಪ್ಪಿ, ಅವನು ಕೊಟ್ಟದ್ದನ್ನು ಅವನೇ ವಾಪಸು ತೆಗೆದುಕೊಂಡರೆ ಯಾರನ್ನು ಕೇಳೋಣ? ತಮ್ಮ ಚಲುವರಾಜುವಿಗೂ ಹೇಳಿಕಳಿಸಿದ್ದೇನೆ. ವೈರು ಅಂಟಿಸೋರು ಬೈತಲೆ ತೆಗೆದು ಅಂಟಿಸಲಿ. ಓದಿದವರಿಗೆ ಅಷ್ಟೂ ಬರಲ್ವಾ?

ಬರಬೇಡ ಅಂದಿದ್ದೀಯ. ಹಸುವಿನ ನೆಪ ಹೇಳಿದ್ದೀಯ. ಹಸು ನೋಡಿಕೊಳ್ಳೋಕೆ ಪಕ್ಕದ ಮನೆ ಮುದ್ದಯ್ಯ ಇದ್ದಾನೆ. ಆದರೂ ಮಗುವಿನ ತಾಯಿ ನೀನು, ನೀನು ಹೇಳಿದ ಮೇಲೆ ಆಯಿತು. ಕರೆದ ಗಳಿಗೆಯಲ್ಲಿ ಬಸ್ಸು ಹತ್ತುತ್ತೇನೆ. ಅದಕ್ಕೆ ಕಾಯುತ್ತಾ ಇರುತ್ತೇನೆ.

ಯಶೋದಮ್ಮ


ಗಂಜಾಂ
5-11-1994

ಯಶೋದಕ್ಕನವರಿಗೆ,

ಒಳ್ಳೆಯ ಸುದ್ದಿ ಬರೆಯುತ್ತಿದ್ದೇನೆ. ದೀಪಾವಳಿ ಹಬ್ಬದ ಹಿಂದಿನ ದಿನ ಚಿನ್ನು ಕಣ್ಣು ಬಿಟ್ಟಳು. ಮೊದಲು ಸೂರನ್ನು ನೋಡಿದಳು, ಆಮೇಲೆ ನನ್ನನ್ನು. “ಅವ್ವ, ನೀರು” ಅಂದಳು. ನನಗೆ ನೀರು ಎಲ್ಲಿದೆ ಎಂದೇ ಮರೆತುಹೋಯಿತು, ನರ್ಸು ತಂದುಕೊಟ್ಟರು. ಅವತ್ತೇ ಸಂಜೆ ಐಸಿಯುವಿನಿಂದ ವಾರ್ಡಿಗೆ ಹಾಕಿದರು. ಅಲ್ಲಿ ಅವಳ ಪಕ್ಕದಲ್ಲೇ ನಾನು ಇರಬಹುದು.

ಕೂದಲು ಉಳಿಯಿತು. “ಅಕ್ಕ ಬ್ಯಾಡ ಅಂದವ್ಳೆ” ಎಂದು ನಿಮ್ಮ ತಮ್ಮ ಪಟ್ಟು ಹಿಡಿದರು. ನರ್ಸು ಮುಖ ಗಂಟಿಕ್ಕಿ, “ಇದು ಸಿಕ್ಕುಗಟ್ಟಿ ವಾಸನೆ ಬರ್ತಾ ಇದೆ. ಬೋಳಿಸಲ್ಲ ಅಂದ್ರೆ ನೀವೇ ದಿನಾ ಎಣ್ಣೆ ಹಾಕಿ ಬಾಚಬೇಕು, ನಾವು ಮುಟ್ಟಲ್ಲ” ಅಂದರು. ಅದೇನು ದೊಡ್ಡ ಕೆಲಸ. ಅವತ್ತು ಗಾಬರಿಯಲ್ಲಿ ಕೈಗೆ ಸಿಕ್ಕಿದ ಚೀಲ ಎತ್ತಿಕೊಂಡು ಬಂದಿದ್ದೆ. ಅವಳು ನಿಮ್ಮ ಮನೆಯಿಂದ ತಂದ ಚೀಲವೇ ಅದು, ಬಾಚಣಿಗೆ, ಟೇಪು, ನಿಮ್ಮ ಎಣ್ಣೆ ಎಲ್ಲಾ ಅದರಲ್ಲೇ ಇತ್ತು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಳೆ ಎಳೆಯಾಗಿ ಬಿಡಿಸಿದೆ. ಅರ್ಧ ದಿನ ಹಿಡಿಯಿತು. ನಿಮ್ಮ ಹಾಗೆ ಎರಡು ಜಡೆ ಹಾಕಿದೆ, ಒಂದು ಸೊಟ್ಟಗಾಯಿತು. ಆಸ್ಪತ್ರೆ ಅನ್ನುವುದು ಮರೆತುಹೋಗಿತ್ತು. ಮಗಳ ತಲೆ ಇಷ್ಟು ಹೊತ್ತು ನನ್ನ ತೊಡೆಯ ಮೇಲೆ ಇದ್ದದ್ದೇ ಇಲ್ಲ.

ಇಷ್ಟನ್ನು ನಿನ್ನೆ ಬರೆದು ಇಟ್ಟಿದ್ದೆ, ಅಂಚೆಗೆ ಹಾಕಲು ಆಗಲಿಲ್ಲ. ಇವತ್ತು ಬೆಳಗಿನ ಜಾವ ಮತ್ತೆ ಬಂತು. ಮೊದಲಿಗಿಂತ ಜೋರು. ನಾಲಿಗೆ ಕಚ್ಚಿಕೊಂಡು ದಿಂಬೆಲ್ಲ ರಕ್ತ. ಎತ್ತಿಕೊಂಡು ಓಡಿದರು, ಬಾಗಿಲು ಹಾಕಿಕೊಂಡರು. ಮತ್ತೆ ಅದೇ ಬೆಂಚು, ಅದೇ ಹತ್ತು ನಿಮಿಷ. ಮೇಲೆ ಬರೆದದ್ದನ್ನು ಹರಿದುಹಾಕಬೇಕೆಂದಿದ್ದೆ. ಆದರೆ ಅವಳು ನೀರು ಕೇಳಿದ್ದು ನಿಜ, ಅದು ಇರಲಿ ಅನ್ನಿಸಿತು.

ಹೇಮ


ನಾಗಮಂಗಲ
9-11-1994

ಹೇಮನಿಗೆ ಆಶೀರ್ವಾದ.

ಧೈರ್ಯ ಬಿಡಬೇಡ. ನೀರು ಕೇಳಿದ ಮಗು ನಾಳೆ ಅನ್ನ ಕೇಳುತ್ತೆ. ಇಲ್ಲಿ ನಾನು ಒಪ್ಪೊತ್ತು ಇದ್ದೇನೆ, ಅದೊಂದೇ ನನ್ನ ಕೈಲಿ ಆಗುವುದು.

ಕೂದಲು ಉಳಿಸಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಎಣ್ಣೆ ಧಾರಾಳವಾಗಿ ಹಚ್ಚು, ಕಂಜೂಸುತನ ಮಾಡಬೇಡ. ನೆತ್ತಿಗೆ ಹಾಕಿ ಚೆನ್ನಾಗಿ ತಟ್ಟಿ ಇಳಿಸು. ಮೆದುಳಿಗೆ ಏರಿದ ಕಾವು ಎಣ್ಣೆಯಲ್ಲದೆ ಇನ್ಯಾವುದಕ್ಕೂ ಇಳಿಯಲ್ಲ. ಗೌರಿ ಹಬ್ಬಕ್ಕೆ ಕ್ಯಾತನಹಳ್ಳಿಯ ನಿಮ್ಮ ಮನೆಗೆ ಒಂದು ಡಬ್ಬ ಕಳಿಸಿದ್ದೆನಲ್ಲ, ನಮ್ಮ ತೋಟದ ಕೊಬ್ಬರಿಯದು, ಅದು ಮುಗಿದರೆ ಹೇಳು, ಕಳಿಸ್ತೀನಿ.

ಹಸು ಈಯಿತು, ಹೆಣ್ಣುಗರು. ಚಿನ್ನು ಬಂದು ಹೆಸರಿಡಲಿ ಎಂದು ಹಾಗೇ ಬಿಟ್ಟಿದ್ದೇನೆ.

ಒಂದು ಮಾತು ಕೇಳ್ತೀನಿ, ಬೇಜಾರು ಮಾಡಬೇಡ. ನಾನು ಬಂದರೆ ನಿನಗೇನು ಕಷ್ಟ? ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಒಳಗೆ ನೀನೇ ಹೋಗು. ನಿನ್ನ ಮಗಳನ್ನು ಯಾರೂ ಕಿತ್ತುಕೊಳ್ಳಲ್ಲ ಕಣೇ. ದೇವರು ನನ್ನ ಮಡಿಲಿಗೆ ಹಾಕಲಿಲ್ಲ, ಅದಕ್ಕೆ ನಿನ್ನ ಮಡಿಲಿನದನ್ನು ನಾಲ್ಕು ದಿನ ಎತ್ತಿ ಆಡಿಸಿದೆ. ಅದನ್ನೂ ತಪ್ಪು ಅಂದರೆ ನಾನೇನು ಹೇಳಲಿ. ಬರಲಾ?

ಯಶೋದಮ್ಮ


ಗಂಜಾಂ
14-11-1994

ಯಶೋದಕ್ಕನವರಿಗೆ,

ನೀವು ಕೇಳಿದ್ದಕ್ಕೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿಲ್ಲ. ಈಗ ಬೇಡ. ಅವಳು ಎದ್ದು ಕೂತ ದಿನ ನಾನೇ ಕರೆಯುತ್ತೇನೆ.

ಏನಾಗುತ್ತಿದೆ ಎಂದು ಯಾರಿಗೂ ಗೊತ್ತಾಗುತ್ತಿಲ್ಲ. ಐಸಿಯುವಿನಲ್ಲಿ ನಾಲ್ಕು ದಿನ ಇಟ್ಟರೆ ಫಿಟ್ಸು ನಿಂತು ಕಣ್ಣು ಬಿಡುತ್ತಾಳೆ. ವಾರ್ಡಿಗೆ ತಂದು ನನ್ನ ಪಕ್ಕ ಮಲಗಿಸಿದರೆ ಮತ್ತೆ ಶುರುವಾಗುತ್ತದೆ. ಎರಡು ಸಲ ಹೀಗೇ ಆಯಿತು. ಮೆದುಳು ಜ್ವರದ ಮಕ್ಕಳು ಹೀಗೆ ಹತ್ತಿ ಇಳಿಯುವುದಿಲ್ಲವಂತೆ. ಡಾಕ್ಟರು ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ, ಔಷಧಿ ಬದಲಾಯಿಸುತ್ತಾರೆ.

ನನಗೆ ಒಂದು ಕೆಟ್ಟ ಯೋಚನೆ ಹತ್ತಿಕೊಂಡಿದೆ. ಚಿಕ್ಕಮ್ಮನಿಗೂ ಹೇಳಿಲ್ಲ. ಬಾಗಿಲ ಆಚೆ ಇದ್ದಾಗ ಚೇತರಿಸಿಕೊಳ್ಳುವ ಮಗು ನಾನು ಹತ್ತಿರ ಹೋದರೆ ಮಲಗುತ್ತದಲ್ಲ, ನಾನೇ ಅವಳಿಗೆ ಆಗಿಬರುವುದಿಲ್ಲವೇನೋ. ಹಿಂದಿನ ಎರಡೂ ನನ್ನ ಹೊಟ್ಟೆಯಲ್ಲೇ ಹೋದವಲ್ಲ. ಹುಚ್ಚು ಅನ್ನಿಸಬಹುದು ನಿಮಗೆ. ಬೆಂಚಿನ ಮೇಲೆ ಕೂತರೆ ಇಂಥದ್ದೇ ತಲೆಗೆ ಬರುವುದು.

ಮೊನ್ನೆ ಬಂದದ್ದು ಒಂದು ಗಂಟೆ ನಿಲ್ಲಲಿಲ್ಲ. ಸೂಜಿಯ ಮೇಲೆ ಸೂಜಿ ಹಾಕಿದರು. ಉಸಿರು ನಿಂತೇಹೋಯಿತು ಯಶೋದಕ್ಕ, ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಈಗ ಗಂಟಲಿಗೆ ಪೈಪು ಇಳಿಸಿದ್ದಾರೆ, ಮಿಷನ್ನು ಉಸಿರಾಡಿಸುತ್ತಿದೆ. ತುಂಬ ಹೊತ್ತು ಮೆದುಳಿಗೆ ಗಾಳಿ ಸಿಕ್ಕಿಲ್ಲ, ಉಳಿದರೂ ಎಷ್ಟು ಉಳಿಯುತ್ತಾಳೋ ಹೇಳಲಾರೆವು ಅಂದರು. ಎಷ್ಟು ಉಳಿಯುತ್ತಾಳೆ ಅಂದರೆ ಏನು ಎಂದು ನಿಮ್ಮ ತಮ್ಮ ಕೇಳಿದರು. ಡಾಕ್ಟರು ಅವರ ಭುಜ ಮುಟ್ಟಿ ಒಳಗೆ ಹೋದರು. ಇವರು ಅಲ್ಲೇ ಗೋಡೆಗೆ ಮುಖ ಮಾಡಿ ನಿಂತಿದ್ದರು. ಯಾರೋ ಕೆ.ಆರ್.ಪೇಟೆಯ ಕಡೆಯವರು, ಫಿಟ್ಸಿಗೆ ಹಣೆಯ ಮೇಲೆ ಬರೆ ಹಾಕಿಸಿ ಅಂದರು. ಹಾಕಿಸೋಣ ಅನ್ನುವಷ್ಟು ದೂರ ಹೋಗಿದೆ ನನ್ನ ಬುದ್ಧಿ.

ಎಣ್ಣೆಯ ವಿಷಯ. ನೀವು ಹೇಳಿದ ಹಾಗೆ ನೆತ್ತಿಗೆ ತಟ್ಟಿ ತಟ್ಟಿ ಹಚ್ಚಿದೆ. ವಾರ್ಡಿನಲ್ಲಿ ಇದ್ದಷ್ಟು ದಿನವೂ ತಪ್ಪಿಸಿಲ್ಲ. ಡಬ್ಬದ ಎಣ್ಣೆ ಊರಲ್ಲೇ ಇದೆ, ನಾನು ಹಚ್ಚುತ್ತಿರುವುದು ಚಿನ್ನುವಿನ ಚೀಲದಲ್ಲಿ ನೀವು ಇಟ್ಟಿದ್ದ ಸೀಸೆಯದು, ಬಟ್ಟೆಯ ಬಿರಡೆ ಹಾಕಿದ ಕೆಮ್ಮಿನ ಔಷಧಿಯ ಕಂದು ಸೀಸೆ. ತಳದಲ್ಲಿ ಬಿಳೀ ಗಷ್ಟು ನಿಲ್ಲುತ್ತದೆ, ಕುಲುಕಿಯೇ ಹಚ್ಚುತ್ತೇನೆ. ಕರ್ಪೂರದ ವಾಸನೆ ಚೆನ್ನಾಗಿದೆ. ಇನ್ನು ಒಂದು ಬೆರಳಷ್ಟು ಉಳಿದಿರಬಹುದು. ವಾರ್ಡಿಗೆ ಮತ್ತೆ ಬಂದರೆ, ಬಂದೇ ಬರುತ್ತಾಳೆ, ಆಗ ಬೇಕಾಗುತ್ತದೆ. ಅಂಥದೇ ಇನ್ನೊಂದು ಸೀಸೆ ಯಾರ ಕೈಲಾದರೂ ಕಳಿಸಿಕೊಡಿ.

ಹೇಮ


ತಂತಿ
ನಾಗಮಂಗಲ, 17-11-1994

ಆ ಎಣ್ಣೆ ಮುಟ್ಟಬೇಡ. ಸೀಸೆ ಡಾಕ್ಟರಿಗೆ ಕೊಡು. ಹೊರಟಿದ್ದೇನೆ.
ಯಶೋದ


ಕ್ಯಾತನಹಳ್ಳಿ
20-12-1994

ಅಕ್ಕನಿಗೆ ಚಲುವರಾಜು ಮಾಡುವ ನಮಸ್ಕಾರ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಹೇಮ ಬರೆಯುವುದಿಲ್ಲ ಅಂದಳು, ಅದಕ್ಕೆ ಬರೆಯುತ್ತಿದ್ದೇನೆ.

ಚಿನ್ನುವನ್ನು ಮನೆಗೆ ಕರೆದುಕೊಂಡು ಬಂದೆವು. ನೀನು ಬಂದು ಡಾಕ್ಟರ ಮುಂದೆ ಎಲ್ಲಾ ಹೇಳಿದ ಮೇಲೆ ಔಷಧಿ ಬದಲಾಯಿಸಿದರಲ್ಲ, ಅವತ್ತಿನಿಂದ ಫಿಟ್ಸು ಬಂದಿಲ್ಲ. ಮಿಷನ್ನು ತೆಗೆದರು. ತಾನೇ ಉಸಿರಾಡುತ್ತಾಳೆ. ಮಾತಿಲ್ಲ. ಬಲಗೈ ಮಡಚಿಕೊಂಡೇ ಇರುತ್ತೆ. ಕೂರಿಸಿದರೆ ವಾಲುತ್ತಾಳೆ. ಗುರುತು ಹಿಡಿಯುತ್ತಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಇಷ್ಟೇ ಅಂತ ಡಾಕ್ಟರೂ ಹೇಳಲ್ಲ, ಇನ್ನೂ ಆಗುತ್ತೆ ಅಂತಲೂ ಹೇಳಲ್ಲ.

ಪೊಲೀಸಿನವರು ಊರಿಗೂ ಬಂದಿದ್ದರು. ಹಸುವಿನ ಉಣ್ಣೆಗೆ ಹಾಕುವ ಪುಡಿಯನ್ನು ಹೇನಿಗೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದು, ತಿಳಿಯದೆ ಆದದ್ದು ಎಂದು ಬರೆದುಕೊಂಡು ಹೋದರು. ಇನ್ನು ಬರುವುದಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳು. ಇದೆ. ಆದರೆ ಅವತ್ತೇ ಆ ಡಾಕ್ಟರು ವಿಷ ಎಂದು ಅನುಮಾನಪಟ್ಟಾಗ ಅವರ ಮೇಲೆ ರೇಗಿ ಬಾಯಿ ಮುಚ್ಚಿಸಿದವನು ನಾನು. ಕೂದಲು ತೆಗೆಯಬೇಡಿ ಎಂದು ನರ್ಸಿನ ಹತ್ತಿರ ಜಗಳ ಆಡಿದವನೂ ನಾನು. ಗದ್ದೆ ಕಡೆ ಹೋದರೆ ಅದೇ ಯೋಚನೆ. ಕಬ್ಬು ಕಡಿಯೋಕೆ ಬಂದ ಆಳುಗಳು ಏನು ಕೇಳಿದರೂ ಎರಡು ಸಲ ಕೇಳಬೇಕು ನನ್ನನ್ನ.

ನೀನು ಬರಬೇಡ. ನಿನ್ನ ಹೆಸರು ಎತ್ತಿದರೆ ಹೇಮ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಾಳೆ.

ಚಲುವರಾಜು


ನಾಗಮಂಗಲ
14-1-1995

ಹೇಮನಿಗೆ,

ಇವತ್ತು ಸಂಕ್ರಾಂತಿ. ಎಳ್ಳು ಬೀರಲಿಲ್ಲ. ಬರಬೇಡ ಅಂದಿದ್ದೀರಿ, ಬರೆಯಬೇಡ ಎಂದು ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನೀನು ನನ್ನ ಕಡೆ ತಿರುಗಿ ನೋಡಲಿಲ್ಲ. ಡಾಕ್ಟರಿಗೆ ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ. ನಿನಗೆ ಅಂತ ಒಂದು ಸಲ ಹೇಳಬೇಕು. ಅವಳ ತಲೆ ತುಂಬ ಹೇನು ಇತ್ತು. ಕೆರೆದು ಕೆರೆದು ಕಿವಿ ಹಿಂದೆ ಹುಣ್ಣಾಗಿತ್ತು. ಬೋಳಿಸೋಣ ಅಂದರೆ ಹರಕೆ. ಬಾಚಿದೆ, ಹೆಕ್ಕಿದೆ, ಸೀಗೆ ಹಾಕಿದೆ, ಮುಗಿಯಲಿಲ್ಲ. ಹಸುವಿನ ಉಣ್ಣೆಗೆ ಮುದ್ದಯ್ಯ ತಂದುಕೊಟ್ಟ ಬಿಳೀ ಪುಡಿ ಕೊಟ್ಟಿಗೆಯಲ್ಲಿತ್ತು. ಹಸು ಮೈ ನೆಕ್ಕಿಕೊಂಡರೂ ಏನೂ ಆಗಲ್ಲ ಅನ್ನುತ್ತಿದ್ದ. ನಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ಹಾಗೆ ಹಚ್ಚಿದ್ದನ್ನು ನಾನೇ ನೋಡಿದ್ದೆ. ಉರಿಯದಿರಲಿ ಎಂದು ಎಣ್ಣೆಯಲ್ಲಿ ಕಲಸಿದೆ. ವಾಸನೆಗೆ ಮಗು ಮೂಗು ಮುಚ್ಚಿಕೊಂಡಿತು, ಅದಕ್ಕೆ ಕರ್ಪೂರ ಹಾಕಿದೆ. ಸೀರು ಇನ್ನೂ ಉಳಿದಿದ್ದವು. ಮುಂದಿನ ಭಾನುವಾರ ಇನ್ನೊಂದು ಸಲ ಹಚ್ಚಿ ತೊಳಿ ಅಂತ ಅವ್ವನಿಗೆ ಹೇಳು ಎಂದು ಸೀಸೆ ಚೀಲದಲ್ಲಿ ಇಟ್ಟೆ. ಹೇಳುತ್ತೇನೆ ಅಂದಳು. ಆಮೇಲೆ ಸೀಸೆ ನನ್ನ ಮನಸ್ಸಿನಿಂದ ಹೋಗೇಬಿಟ್ಟಿತು. ಕಾಯಿಲೆ ಎಂದು ನೀನು ಬರೆದಾಗಲೂ ಅದು ನೆನಪಿಗೆ ಬರಲಿಲ್ಲ. ತಲೆಗೆ ಹಚ್ಚಿದ್ದು ಒಳಗೆ ಇಳಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಧಾರಾಳವಾಗಿ ಹಚ್ಚು ಎಂದು ಈ ಕೈಲೇ ಬರೆದೆ.

ಅವತ್ತು ಡಾಕ್ಟರು ಹೇಳಿದ ಕೂಡಲೆ ಕತ್ತರಿ ಇಸಿದುಕೊಂಡು ನಾನೇ ಕತ್ತರಿಸಿದೆ. ಬೇರೆ ಯಾರೂ ಮುಟ್ಟಬಾರದು, ಮಾತು ಕೊಟ್ಟವಳು ನಾನು, ತಪ್ಪುವವಳೂ ನಾನೇ ಆಗಲಿ ಎಂದು. ಸುಡಬೇಕು ಅಂದರು ನರ್ಸು. ಕೊಡಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮೇಲುಕೋಟೆಗೆ ಹೋದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತೆ. ಮುಡಿ ಕೊಟ್ಟು ಬಂದ ಮಕ್ಕಳು ನೀರಿನಲ್ಲಿ ಆಡುತ್ತಿದ್ದವು. ಆ ನೀರಿಗೆ ಇದನ್ನು ಹೇಗೆ ಬಿಡಲಿ. ಗುಡಿಯ ಒಳಗೆ ತೆಗೆದುಕೊಂಡು ಹೋಗಲೂ ಧೈರ್ಯವಾಗಲಿಲ್ಲ. ಏನು ಕೇಳಿಕೊಳ್ಳಬೇಕು ಅಂತಲೂ ಗೊತ್ತಾಗಲಿಲ್ಲ, ಹಾಗೇ ಎದ್ದು ಬಂದೆ. ಅದು ಈಗ ನಮ್ಮ ತೋಟದ ಬೇಲಿಯ ಮೂಲೆಯಲ್ಲಿದೆ, ಆಳವಾಗಿ ತೋಡಿಸಿ ಹೂತಿದ್ದೇನೆ. ಅಲ್ಲಿ ಹಸು ಮೇಯಲು ಬಿಡುವುದಿಲ್ಲ.

ಕ್ಷಮಿಸು ಎಂದು ಕೇಳಲು ಬರೆಯುತ್ತಿಲ್ಲ. ಹೇಗಿದ್ದಾಳೆ ಎಂದು ಒಂದು ಕಾರ್ಡು ಹಾಕಿಸು. ಅಷ್ಟು ಸಾಕು.

ಯಶೋದಮ್ಮ


ನಾಗಮಂಗಲ
6-3-1995

ಹೇಮನಿಗೆ,

ಕಾರ್ಡು ಬರಲಿಲ್ಲ. ಹೋದ ಕಾಗದ ಓದಿದೆಯೋ ಒಲೆಗೆ ಹಾಕಿದೆಯೋ. ದೇವಯ್ಯ ಸಂತೆಗೆ ಬಂದಿದ್ದ, ಗೋಡೆ ಒರಗಿಸಿ ಕೂರಿಸಿದರೆ ಕೂರುತ್ತಾಳೆ ಅಂದ. ಮಾತು ಬಂತಾ ಎಂದು ಕೇಳಿದ್ದಕ್ಕೆ ಅವನು ಬೇರೆ ಏನೋ ಹೇಳಿದ.

ಈ ತಿಂಗಳು ಹದಿನೆಂಟಕ್ಕೆ ಅವಳಿಗೆ ಏಳು ತುಂಬುತ್ತೆ. ನನಗೆ ನೆನಪಿದೆ ಎಂದು ತಿಳಿಸಲು ಬರೆದೆ. ಕರುವಿಗೆ ಇನ್ನೂ ಹೆಸರಿಟ್ಟಿಲ್ಲ.

ಯಶೋದಮ್ಮ


ಕ್ಯಾತನಹಳ್ಳಿ
24-4-1995

ಯಶೋದಕ್ಕನವರಿಗೆ ಹೇಮ ಬರೆಯುವುದು.

ನಿಮ್ಮ ಕಾಗದಗಳನ್ನು ಒಲೆಗೆ ಹಾಕಿಲ್ಲ. ಎರಡನ್ನೂ ಓದಿದೆ. ಉತ್ತರ ಬರೆಯಲು ಕೂತರೆ ಬರೀ ಬೈಗುಳ ಬರುತ್ತಿತ್ತು. ಅದೂ ಒಂದು ಹೊತ್ತಿನವರೆಗೆ. ಆಮೇಲೆ ಆ ಬೈಗುಳ ನಿಮಗೋ ನನಗೋ ಎಂದು ಗೊತ್ತಾಗದೆ ಪೆನ್ನು ಇಟ್ಟುಬಿಡುತ್ತಿದ್ದೆ.

ನೀವು ಹಚ್ಚಿದ್ದು ಒಂದೇ ಸಲ. ಅದರಿಂದ ಎದ್ದುಬಂದು ಅವಳು ನೀರು ಕೇಳಿದ್ದಳು. ಆಮೇಲೆ ದಿನ ದಿನ ಹಚ್ಚಿದವಳು ನಾನು. ಕುಲುಕಿ, ತಟ್ಟಿ, ದೇವರ ಹೆಸರು ಹೇಳಿಕೊಂಡು ಹಚ್ಚಿದೆ. ನಾನು ಹತ್ತಿರ ಹೋದರೆ ಅವಳಿಗೆ ಆಗುವುದಿಲ್ಲ ಎಂದು ನಿಮಗೆ ಬರೆದಿದ್ದೆನಲ್ಲ, ಅದು ನಿಜವೇ ಆಗಿತ್ತು. ಇದನ್ನು ನಿಮ್ಮ ತಮ್ಮನ ಹತ್ತಿರ ಆಡಿಲ್ಲ. ಅವರಿಗೆ ಗೊತ್ತಿದೆ. ಅವರೂ ಆಡಿಲ್ಲ. ಊಟಕ್ಕೆ ಬಡಿಸುವಾಗ ಇಬ್ಬರೂ ತಟ್ಟೆ ನೋಡುತ್ತೇವೆ.

ಇನ್ನೊಂದು ಇದೆ. ಬರಲಾ ಎಂದು ನೀವು ಎರಡು ಸಲ ಕೇಳಿದಿರಿ. ಬೇಡ ಅಂದೆ. ಹಸು, ಐಸಿಯು, ಇಬ್ಬರಿಗಿಂತ ಹೆಚ್ಚು ಬಿಡುವುದಿಲ್ಲ, ಎಲ್ಲಾ ನೆಪ. ಅವಳು ಕಣ್ಣು ಬಿಟ್ಟಾಗ ಎದುರಿಗೆ ನಾನೊಬ್ಬಳೇ ಇರಬೇಕಿತ್ತು. ನೀವಿದ್ದರೆ ನಿಮ್ಮ ಕಡೆ ತಿರುಗುತ್ತಾಳೆ ಎಂದು ಹೆದರಿದ್ದೆ. ನೀವು ಮೊದಲ ವಾರವೇ ಬಂದಿದ್ದರೆ ಕಿಟಕಿಯ ಮೇಲೆ ಆ ಸೀಸೆ ನೋಡಿದ ತಕ್ಷಣ ಎತ್ತಿ ಬಿಸಾಡುತ್ತಿದ್ದಿರಿ. ಆಗ ಅವಳು ಇಸ್ಕೂಲಿಗೆ ಹೋಗಿಕೊಂಡು ಇರುತ್ತಿದ್ದಳು.

ಈಗ ಅವಳ ವಿಷಯ. ಫಿಟ್ಸಿನ ಮಾತ್ರೆ ತಪ್ಪಿಸುವುದಿಲ್ಲ. ಬಲಗೈ ಹಾಗೇ ಇದೆ, ಎಡಗೈಯಲ್ಲಿ ರೊಟ್ಟಿ ಹಿಡಿಯುತ್ತಾಳೆ. ಕೂದಲು ಬೆರಳುದ್ದ ಬಂದಿದೆ. ಬಾಚಣಿಗೆ ತೆಗೆದರೆ ಕೂಗಿಕೊಳ್ಳುತ್ತಾಳೆ, ನಾನೂ ಮುಟ್ಟುವುದಿಲ್ಲ.

ಯುಗಾದಿಯ ದಿನ ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ ನೀರು ಕುಡಿಸುತ್ತಿದ್ದೆ. ಗುಟುಕು ನುಂಗಿ, ನನ್ನ ಮುಖವನ್ನೇ ನೋಡಿ, ತುಟಿ ಕೂಡಿಸಲು ಹೆಣಗಾಡಿದಳು. ಬೆವರು ಬಂತು ಮಗುವಿಗೆ. “ಅತ್ತೆ” ಅಂದಳು.

ನಿಮ್ಮ ತಮ್ಮ ಎತ್ತು ಬಿಟ್ಟು ಓಡಿಬಂದರು. “ಇನ್ನೊಂದ್ಸಲ ಅನ್ನು ಮಗ, ಅಪ್ಪ ಅನ್ನು” ಎಂದು ಅಂಗಲಾಚಿದರು. ಅವರನ್ನೂ ‘ಅತ್ತೆ’ ಅಂದಳು. ಅವತ್ತಿನಿಂದ ಅದೊಂದೇ ಮಾತು. ಹಸಿದರೆ ಅತ್ತೆ, ನಿದ್ದೆ ಬಂದರೆ ಅತ್ತೆ, ಕಾಗೆಗೆ ಅತ್ತೆ, ದೀಪಕ್ಕೆ ಅತ್ತೆ. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಮೆದುಳಿಗೆ ಪೆಟ್ಟಾದಾಗ ಕೆಲವು ಸಲ ಹೀಗೆ ಒಂದೇ ಮಾತು ಉಳಿದುಕೊಳ್ಳುತ್ತದಂತೆ. ಬೇರೆ ಮಾತು ಬರಬಹುದು, ಬಾರದೆಯೂ ಇರಬಹುದು ಅಂದರು.

ರಾತ್ರಿ ಪಕ್ಕದಲ್ಲಿ ಮಲಗಿ ನಾನು ‘ಅವ್ವ’ ಎಂದು ಹೇಳಿಕೊಡುತ್ತೇನೆ. ನನ್ನ ಬಾಯಿಯನ್ನೇ ನೋಡುತ್ತಾಳೆ. ತುಂಬ ಕಷ್ಟಪಟ್ಟು, ನನಗೆ ಬೇಕಾದ್ದನ್ನು ಕೊಡಬೇಕೆಂದು, ಕೆನ್ನೆಯ ಮೇಲೆ ಎಡಗೈ ಇಟ್ಟು “ಅತ್ತೆ” ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ. ಮೊದಲು ಅಳುತ್ತಿದ್ದೆ. ಅತ್ತರೆ ಅವಳು ಹೆದರುತ್ತಾಳೆ, ತಾನೇನೋ ತಪ್ಪು ಮಾಡಿದೆ ಎಂದುಕೊಳ್ಳುತ್ತಾಳೆ. ಅದಕ್ಕೆ ಈಗ ಅಳುವುದಿಲ್ಲ.

ದಿನಕ್ಕೆ ಎಷ್ಟೋ ಸಲ ಅವಳು ಆ ಮಾತು ಆಡುತ್ತಾಳೆ ಯಶೋದಕ್ಕ. ಓಗೊಡಬೇಕಾದವರು ಒಬ್ಬರೂ ಇಲ್ಲಿಲ್ಲ. ಒಂದು ಸಲವಾದರೂ ಅದು ಸೇರಬೇಕಾದ ಕಡೆ ಸೇರಲಿ. ಕರೆದ ಗಳಿಗೆಯಲ್ಲಿ ಬಸ್ಸು ಹತ್ತುತ್ತೇನೆ ಎಂದು ಬರೆದಿದ್ದಿರಿ. ಕರೆಯುತ್ತಿದ್ದೇನೆ.

ನಾನು ನಿಮ್ಮ ಜೊತೆ ಸರಿಯಾಗಿ ಮಾತಾಡುತ್ತೇನೆ ಎಂದು ಮಾತು ಕೊಡಲಾರೆ. ನೀವು ಅವಳ ಪಕ್ಕದಲ್ಲಿ ಕೂತಿರಿ, ಸಾಕು. ಬರುವಾಗ ಕಾಯಿ, ಕೊಬ್ಬರಿ, ಕಜ್ಜಾಯ ಎಂದು ಏನೂ ಕಟ್ಟಿಕೊಳ್ಳಬೇಡಿ. ಬರಿಗೈಯಲ್ಲಿ ಬನ್ನಿ.

ಹೇಮ